ಸಂಜೀವಣ್ಣನ ಮಲ್ಲಿಗೆ ಮಿಷನ್

ಯಾವ ಮನೆಗೆ ಹೋದರೂ ಸಂಜೀವಣ್ಣನ ಮೂಗು ಮೊದಲು ಒಳಗೆ ಹೋಗುತ್ತಿತ್ತು; ಚಪ್ಪಲಿ ಬಿಟ್ಟು ಅವರು ಬರುವುದು ಆಮೇಲೆ. "ನಿನ್ನೆಯ ಬಂಗುಡೆ ಗಸಿ ಉಂಟಲ್ವಾ ಸಿಸ್ಟರ್?" ಎಂದು ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದರು. ಇಲ್ಲವೆಂದು ಸುಳ್ಳು ಹೇಳುವ ಹಾಗಿರಲಿಲ್ಲ. ಬಡಿಸಲೇಬೇಕಾಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾನು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಬಾಡಿಗೆಗೆ ಇದ್ದದ್ದು ಕುದ್ರೋಳಿಯಲ್ಲಿ, ಅವರ ಪಕ್ಕದ ಮನೆಯಲ್ಲಿ. ಸಂಜೀವಣ್ಣ ಫ್ರಿಜ್ ರಿಪೇರಿ ಮಾಡುವವರು. ಹಂಪನಕಟ್ಟೆಯ ಓಣಿಯೊಂದರಲ್ಲಿ ಅಂಗಡಿ ಎಂಬ ಹೆಸರಿನ ಗೂಡು ಇತ್ತು. ಊರಿನ ಐಸ್‌ಕ್ರೀಮ್ ಪಾರ್ಲರುಗಳು ತಣ್ಣಗಿರುವುದು ತನ್ನಿಂದಲೇ ಎಂದು ಅವರು ನಂಬಿದ್ದರು. ನಮ್ಮನ್ನೂ ನಂಬಿಸಲು ನೋಡುತ್ತಿದ್ದರು. "ನಾನು ಒಂದು ವಾರ ಮಲಗಿದ್ರೆ ಗೊತ್ತುಂಟಾ, ಮಂಗ್ಳೂರು ಇಡೀ ಕರಗ್ತದೆ." ಬಡಾಯಿ ಕೊಚ್ಚುವಾಗ ಅವರಿಗೆ ಸಂಕೋಚವೆಂಬುದು ಹತ್ತಿರವೂ ಸುಳಿಯುತ್ತಿರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಈ ಗ್ರೀಸಿನ ವಾಸನೆಗೆ ಯಾರು ಬರ್ತಾರೆ ಮಾರಾಯ್ತಿ" ಎಂದು ನಕ್ಕುಬಿಡುತ್ತಿದ್ದರು.

ಮನೆ ಅವರ ಅಕ್ಕ ಗಿರಿಜಕ್ಕನದು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಮನೆತನ, ಅಲ್ಲಿ ಅಕ್ಕ ಹೇಳಿದ್ದೇ ಕೊನೆ. ಹಿತ್ತಿಲಿನ ತುಂಬ ಅವರು ಮಲ್ಲಿಗೆ ಬೆಳೆಸಿದ್ದರು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಮಾರುತ್ತಿದ್ದರು. ಸುತ್ತಮುತ್ತಲಿನ ಎಷ್ಟೋ ಮದುವಣಗಿತ್ತಿಯರು ಗಿರಿಜಕ್ಕ ಕಟ್ಟಿದ ಹೂ ಮುಡಿದೇ ಮಂಟಪ ಏರಿದ್ದು. ಗಿರಿಜಕ್ಕನ ಸ್ವಂತ ಮುಡಿ ಮಾತ್ರ ಬರಿದು. ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಒಂದು ಎಸಳನ್ನೂ ತಲೆಗೆ ಇಟ್ಟವರಲ್ಲ. ಗಂಡ ಸತ್ತವಳು ಹೂ ಮುಡಿಯಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿದ್ದ ವಿಷಯ. ಇಡೀ ದಿನ ಮಲ್ಲಿಗೆಯ ರಾಶಿಯ ಮುಂದೆ ಕೂರುವ ಹೆಂಗಸಿನ ಆ ಬೋಳು ತುರುಬು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಒಂದು ಸಂಜೆ ಅವರ ಹಿಂದಿನ ಕೊಟ್ಟಿಗೆಯಿಂದ 'ಬುಸ್' ಎಂದು ದೊಡ್ಡ ಶಬ್ದ ಬಂತು. ನೋಡುತ್ತಿದ್ದ ಹಾಗೆ ಬಾಗಿಲಿನ ಅಡಿಯಿಂದ ಬಿಳಿ ಮಂಜು ಅಂಗಳಕ್ಕೆ ಹರಿಯಿತು. ಗ್ಯಾಸ್ ಸಿಲಿಂಡರೇ ಸಿಡಿಯಿತೆಂದು ಓಣಿಯ ಜನ ದಿಕ್ಕಾಪಾಲಾದರು. ಎದುರು ಮನೆಯ ಅಜ್ಜ ರೇಡಿಯೋವನ್ನು ಅಪ್ಪಿಕೊಂಡು ರಸ್ತೆಗೆ ಬಂದು ನಿಂತರು. ಮಂಜಿನೊಳಗಿಂದ ಸಂಜೀವಣ್ಣ ಕೈ ಕೊಡವಿಕೊಳ್ಳುತ್ತ ಹೊರಬಂದರು.

"ಹೆದರ್ಬೇಡಿ ಮಾರಾಯ್ರೆ, ಎಂತ ಇಲ್ಲ. ಮಲ್ಲಿಗೆ ಹೊರಗೆ ಬಂದದ್ದು ಅಷ್ಟೆ!"

ಓಣಿಯಿಡೀ ಮಲ್ಲಿಗೆಯ ವಾಸನೆ ಹಬ್ಬಿದ್ದು ನಿಜ. ಜೊತೆಗೆ ಬಂಗುಡೆಯದ್ದೂ ಇತ್ತು. ಹೂ ತುಂಬಿಸಿದ ಉರುಳೆಯಾಕಾರದ ಟ್ಯಾಂಕನ್ನು ಅವರು ಬಂದರಿನ ಮೀನು ವ್ಯಾಪಾರಿಯೊಬ್ಬರ ಗುಜರಿ ಫ್ರೀಜರಿನಿಂದ ಬಿಚ್ಚಿ ತಂದಿದ್ದರಂತೆ.

ಅವರ ಬೆರಳುಗಳು ತಣ್ಣಗಿನ ಗ್ಯಾಸಿಗೆ ಬಿಳಚಿಕೊಂಡು ಮರಗಟ್ಟಿದ್ದವು. ಬೈಯುತ್ತಲೇ ಬ್ಯಾಂಡೇಜ್ ಕಟ್ಟಿದೆ. "ಎಂತ ಮಾಡ್ಲಿಕ್ಕೆ ಹೋದದ್ದು ನೀವು?"

"ಮಲ್ಲಿಗೆ ಎಣ್ಣೆ ತೆಗೀಲಿಕ್ಕೆ. ಮಲ್ಲಿಗೆಯನ್ನು ಬೇಯಿಸಿದ್ರೆ ಪಲ್ಯದ ವಾಸನೆ ಬರ್ತದೆ ಸಿಸ್ಟರ್. ಈ ಫ್ರಿಜ್ಜಿನ ಗ್ಯಾಸ್ ಉಂಟಲ್ಲ, ಒತ್ತಿ ಹಿಡಿದ್ರೆ ನೀರಿನ ಹಾಗೆ ಆಗ್ತದೆ. ಹೂವಿನ ಮೇಲೆ ಹರಿಸಿದ್ರೆ ಎಣ್ಣೆಯನ್ನೆಲ್ಲ ತೆಗೊಂಡು ಬರ್ತದೆ. ಒತ್ತಡ ಬಿಟ್ಟ ಕೂಡ್ಲೆ ಗ್ಯಾಸ್ ಹಾರಿ ಹೋಗ್ತದೆ, ಎಣ್ಣೆ ಮಾತ್ರ ಉಳೀತದೆ. ಬೆಂಕಿಯೇ ಬೇಡ!"

"ಸೆಂಟು ಬೇಕಾದ್ರೆ ಅಂಗಡಿಯಲ್ಲಿ ಸಿಗ್ತದಲ್ವಾ?"

"ಅದು ಅಕ್ಕನ ಮಲ್ಲಿಗೆ ಅಲ್ಲ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹೂ ಮುಡೀಬಾರ್ದು ಅಂತ ಉಂಟು. ಸರಿ. ವಾಸನೆ ಬರ್ಬಾರ್ದು ಅಂತ ಎಲ್ಲಿಯಾದ್ರೂ ಉಂಟಾ?"

ಆಮೇಲೆ ನಾನು ಬೈಯಲಿಲ್ಲ.

ಕೈ ಗುಣವಾದದ್ದೇ ತಡ, ಐಸ್‌ಕ್ರೀಮ್ ಪಾರ್ಲರೊಂದರ ಹಳೆಯ ಟ್ಯಾಂಕ್ ಬಂತು. ಮೀನಿನ ವಾಸನೆಯ ಕಾಟ ತಪ್ಪಿತು. ಆದರೂ ಕೊನೆಗೆ ದಕ್ಕಿದ ಎಣ್ಣೆಯ ವಾಸನೆ ಮದುವೆ ಮುಗಿಸಿ ಮರಳುವ ಬಸ್ಸಿನೊಳಗಿನ ವಾಸನೆಯ ಹಾಗಿತ್ತು. ಪ್ರತಿ ಸಲವೂ ಹಾಗೆಯೇ. ವಾಲ್ವ್ ಬದಲಾಯಿಸಿದರು, ಪೈಪ್ ಬದಲಾಯಿಸಿದರು, ಗ್ಯಾಸ್ ಕೊಟ್ಟವನಿಗೆ ಬೈದು ಬಂದರು. ಬೊಂಬಾಯಿಗೆ ಸೆಂಟು ಮಾರುವ ಕನಸು ತಮ್ಮನದು ಎಂದೇ ತಿಳಿದಿದ್ದ ಗಿರಿಜಕ್ಕ ಆ ಕೊಟ್ಟಿಗೆಗೆ ಕಾಲಿಟ್ಟವರಲ್ಲ. ಒಂದು ದಿನ ತಮ್ಮನ ಗೊಣಗಾಟ ತಾಳಲಾರದೆ ಒಳಗೆ ಹೋಗಿ ಶೀಶೆ ಮೂಸಿದರು.

"ಇದು ಸತ್ತ ಹೂವಲ್ವಾ! ಯಾವ ಹೂ ಹಾಕಿದ್ದು ನೀನು?"

"ನೀನು ಮಾರಿ ಉಳಿದದ್ದು. ನಿನ್ನೆಯದ್ದು."

"ಮಂಡೆ ಉಂಟಾ ನಿಂಗೆ? ಮಲ್ಲಿಗೆಯ ಜೀವ ಇರುದು ಒಂದೇ ಸಂಜೆ. ಮೊಗ್ಗನ್ನು ಬಾಳೆ ಎಲೆಯಲ್ಲಿ ಕಟ್ಟಿಡ್ಬೇಕು. ದೀಪ ಇಡುವ ಹೊತ್ತಿಗೆ ಬಾಯಿ ಬಿಡ್ತದೆ. ಆವಾಗ ಹಾಕು."

ಮಿಷನ್ನಿನ ತಿರುಪು ತಿರುಪಿನ ಮೇಲೂ ಸಂಶಯಪಟ್ಟ ಮನುಷ್ಯನಿಗೆ ಹೂವಿನ ಮೇಲೆ ಸಂಶಯ ಬಂದಿರಲಿಲ್ಲ. ಮರುದಿನ ಗಿರಿಜಕ್ಕ ಒಂದು ಹೂವನ್ನೂ ಮಾರಲಿಲ್ಲ. ಮದುವೆಯ ಕಾಲ; ಬಂದವರನ್ನೆಲ್ಲ "ಇವತ್ತು ಇಲ್ಲ" ಎಂದು ಕಳಿಸಿದರು. ಇಡೀ ಹಿತ್ತಿಲಿನ ಮಲ್ಲಿಗೆ ಕೊಟ್ಟಿಗೆಗೆ ಹೋಯಿತು.

ಹೋಮಿಯೋಪತಿ ಶೀಶೆಯ ತಳದಲ್ಲಿ ಹಳದಿ ಮೇಣದಂಥ ಒಂದು ಚೂರು. ಅದನ್ನು ಸಂಜೀವಣ್ಣ ಅಕ್ಕನ ಕೈಯಲ್ಲಿಟ್ಟರು. "ಇದು ನಿಂಗೆ. ಮಾರ್ಲಿಕ್ಕೆ ಅಲ್ಲ." ಗಿರಿಜಕ್ಕ ಮೂಸಿದರು. ಮುಖ ಕೆಂಪಾಯಿತು. ಶೀಶೆ ಹಿಡಿದುಕೊಂಡು ಒಳಗೆ ಹೋದರು. ಬಡಾಯಿಗಾರ ಸಂಜೀವಣ್ಣ ಜಗಲಿಯಲ್ಲಿ ಕುಳಿತು ಒಳಬಾಗಿಲನ್ನೇ ನೋಡುತ್ತಿದ್ದರು.

ಆ ವಾರದಲ್ಲೇ ಒಂದು ಮದುವೆಗೆ ನಾನೂ ಗಿರಿಜಕ್ಕನೂ ಒಟ್ಟಿಗೆ ಹೋದೆವು. ಅವರು ಎಂದಿನಂತೆ ಹಿಂದಿನ ಸಾಲಿನಲ್ಲಿ ಕುಳಿತರು. ಮುಂದೆ ಕುಳಿತಿದ್ದ ಸಂಬಂಧಿಕ ಹೆಂಗಸೊಬ್ಬರು ಮೂಗರಳಿಸಿ ತಿರುಗಿದರು. "ಗಿರಿಜಾ, ಮಂಡೆಗೆ ಎಂತ ಇಟ್ಟಿದ್ದಿ ನೀನು?"

ಗಿರಿಜಕ್ಕ ತಲೆ ತಿರುಗಿಸಿ ತುರುಬು ತೋರಿಸಿದರು. "ನೋಡಿ, ಎಂತ ಉಂಟು?"

ಆ ಹೆಂಗಸಿನ ಮುಖ ನೋಡಬೇಕಿತ್ತು! ನಗು ತಡೆಯಲು ನಾನು ಸೆರಗು ಕಚ್ಚಿಕೊಂಡೆ. ಆದರೆ ಗಿರಿಜಕ್ಕ ನಗಲಿಲ್ಲ. ಮನೆಗೆ ಬಂದವರೇ ಶೀಶೆಯನ್ನು ತಮ್ಮನ ಮುಂದೆ ಇಟ್ಟರು.

"ವಾಸನೆ ಒಳ್ಳೆದುಂಟು ಸಂಜೀವ. ನಮ್ಮ ಹಿತ್ತಿಲಿನದ್ದೇ. ಆದ್ರೆ ಕದ್ದು ಮುಡಿದ ಹಾಗೆ ಆಯ್ತು. ನಂಗೆ ಬೇಡ."

ಸಂಜೀವಣ್ಣ ಮಿಷನ್ ಬಿಚ್ಚಿ ಅದರ ಭಾಗಗಳನ್ನು ಬೇರೆ ಬೇರೆ ಫ್ರಿಜ್ಜುಗಳಿಗೆ ಹಾಕಿಬಿಟ್ಟರು. ಬಡಾಯಿ ಮುಂದುವರಿಯಿತು, ಆದರೆ ಮಲ್ಲಿಗೆಯ ಸುದ್ದಿ ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಅಷ್ಟು ಪಾಡುಪಟ್ಟದ್ದು ಹೀಗೆ ಹೋಯಿತಲ್ಲ ಎಂದು ನನಗೇ ಹೊಟ್ಟೆ ಉರಿಯುತ್ತಿತ್ತು.

ಎಂಬತ್ತರ ದಶಕದ ನಡುವೆ ಅವರ ಹೃದಯ ಕೈಕೊಟ್ಟಿತು. ನನ್ನ ವಾರ್ಡಿಗೇ ಬಂದರು. "ಕಂಪ್ರೆಸರ್ ಹೋಯ್ತು ಸಿಸ್ಟರ್. ಇದಕ್ಕೆ ಸ್ಪೇರ್ ಸಿಗೂದಿಲ್ಲ" ಎಂದರು. ಡಾಕ್ಟರು ನನ್ನೊಡನೆ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಅದನ್ನು ಗಿರಿಜಕ್ಕನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಕೇಳಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.

ಮರುದಿನ ಬೆಳಿಗ್ಗೆ ಗಂಜಿಯ ಪಾತ್ರೆ ಹಿಡಿದು ವಾರ್ಡಿನೊಳಗೆ ಬಂದ ಗಿರಿಜಕ್ಕನ ತುರುಬಿನಲ್ಲಿ ಮಲ್ಲಿಗೆ ಇತ್ತು. ಒಂದೆರಡು ಎಸಳಲ್ಲ, ಮದುವೆಗೆ ಹೋಗುವವರಂತೆ ಸುತ್ತು ಸುತ್ತಾಗಿ ಮುಡಿದಿದ್ದರು. ಸೆರಗು ಮುಚ್ಚಿರಲಿಲ್ಲ. ಕುದ್ರೋಳಿಯಿಂದ ಅಲ್ಲಿಯವರೆಗೆ ಸಿಟಿ ಬಸ್ಸಿನಲ್ಲಿ ಹಾಗೆಯೇ ಬಂದಿದ್ದರು. ಪಾತ್ರೆ ಕೆಳಗಿಟ್ಟು, ತಮ್ಮನಿಗೆ ಬೆನ್ನು ಮಾಡಿ ನಿಂತರು.

ಸಂಜೀವಣ್ಣ ತುಂಬ ಹೊತ್ತು ನೋಡಿದರು. "ಇದಕ್ಕೆ ನಾನು ಮಲಗ್ಬೇಕಿತ್ತಾ ಅಕ್ಕ?"

"ಬಾಯಿ ಮುಚ್ಚಿ ಗಂಜಿ ಕುಡಿ."

ನಾಲ್ಕು ಚಮಚ ಕುಡಿದರು. ಮಧ್ಯಾಹ್ನ ತೀರಿಕೊಂಡರು.

ಸಂಜೆ ಚಾವಡಿಯಲ್ಲಿ ಅವರನ್ನು ಮಲಗಿಸಿದ್ದರು. ಗಿರಿಜಕ್ಕ ತಲೆಯ ಬಳಿ ಕುಳಿತಿದ್ದರು. ನೆರೆದ ಹೆಂಗಸರ ಕಣ್ಣೆಲ್ಲ ಅವರ ಮುಡಿಯ ಮೇಲೆ. ಸಾವಿನ ಮನೆಯಲ್ಲಿ ಹೂವು, ಅದೂ ಗಂಡನಿಲ್ಲದವಳ ತಲೆಯಲ್ಲಿ. ಕೊನೆಗೆ ಹಿರಿಯರೊಬ್ಬರು ಮೆಲ್ಲನೆ ಹಿಂದಿನಿಂದ ಹೋಗಿ ಹೂವಿಗೆ ಕೈ ಹಾಕಿದರು.

ಗಿರಿಜಕ್ಕ ತಿರುಗದೆಯೇ ಆ ಕೈಯನ್ನು ಹಿಡಿದರು.

"ತೆಗೀಬೇಡಿ," ಎಂದರು. "ಅವನಿಗೆ ಇನ್ನೂ ನೋಡಿ ಆಗ್ಲಿಲ್ಲ."