ಮೊಣಕಾಲಿನ ಸಭೆಯಲ್ಲಿ ಅಮೆರಿಕದ ಫುಟ್‌ಬಾಲ್

ಈ ಮರಾಠಿ ಊರಿನ ನಮ್ಮ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಉಪನ್ಯಾಸ ನಡೆಯುತ್ತದೆ. ಕೋಥರೂಡದ ಒಂದು ವಸತಿ ಸೊಸಾಯಿಟಿಯ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು, ಕೊನೆಗೆ ಉಪ್ಪಿಟ್ಟು, ಶಿರಾ. ಜನ ಬರುವುದು ಉಪ್ಪಿಟ್ಟಿಗೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳೂ ಅದಕ್ಕೇ ಬರುತ್ತಾಳೆ.

ಒಂದು ಭಾನುವಾರ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಉಡುಪಿ ಕಡೆಯವರು, ಧನಕವಡಿಯಲ್ಲಿ ಹೋಟೆಲ್ ಇಟ್ಟಿದ್ದಾರೆ.

“ಇವತ್ತಿನ ಡಾಕ್ಟ್ರು ಬರುದಿಲ್ಲ ಮಾರಾಯ್ರೆ. ಸಂಜೆ ನೀವೇ ಎಂತಾದ್ರೂ ಮಾತಾಡ್ಬೇಕು.”

“ನನಗೇನ ಬರ್ತದರೀ? ನಾ ವಿಮಾ ಆಫೀಸಿನ ಕ್ಲಾರ್ಕ.”

“ನೀವು ಯಾವಾಗ್ಲೂ ಆ ಫುಟ್‌ಬಾಲ್ ನೋಡ್ತೀರಲ್ಲ, ಅದೇ ಹೇಳಿ. ಉಪ್ಪಿಟ್ಟು ನಾನು ಬೇಗ ತರ್ತೇನೆ.”

ಫುಟ್‌ಬಾಲಿನಲ್ಲಿ ನನ್ನ ಹುಚ್ಚು ಸ್ವಲ್ಪ ಬೇರೆ. ಯುರೋಪಿನ ದೊಡ್ಡ ಕ್ಲಬ್ಬುಗಳಲ್ಲಿ ಅಮೆರಿಕದ ಹುಡುಗರು ಹೇಗೆ ಆಡುತ್ತಿದ್ದಾರೆ ಎಂಬುದಷ್ಟೇ ನನಗೆ ಮುಖ್ಯ. ಉಳಿದೆಲ್ಲ ವಿಷಯದಲ್ಲೂ ಅಮೆರಿಕ ಹೇಳುತ್ತದೆ, ಜಗತ್ತು ತಲೆಯಾಡಿಸುತ್ತದೆ. ಇಲ್ಲಿ ಮಾತ್ರ ಅಮೆರಿಕದವನು ಪರರ ಮನೆಗೆ ಹೋಗಿ, ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಾನೆ. ಮೊದಮೊದಲು ಅದನ್ನು ನೋಡಿ ಖುಷಿಪಟ್ಟೆ. ಆಮೇಲೆ ಪಾಪ ಅನ್ನಿಸತೊಡಗಿತು. ಈಗಂತೂ ಅವರು ನಮ್ಮ ಮನೆಯ ಹುಡುಗರೇ ಆಗಿಬಿಟ್ಟಿದ್ದಾರೆ.

ಸಂಜೆ ಹೋಗಿ ನೋಡಿದರೆ ಸಭಾಂಗಣ ತುಂಬಿತ್ತು. ಕೋಲು ಊರಿಕೊಂಡು ಬಂದವರು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡವರು. ಇಷ್ಟು ಕಷ್ಟಪಟ್ಟು ಫುಟ್‌ಬಾಲ್ ಕೇಳಲು ಬಂದಿದ್ದಾರಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು. ಆ ಡಾಕ್ಟರ್ ಮಾತಾಡಬೇಕಿದ್ದದ್ದು ಮೊಣಕಾಲು ನೋವಿನ ಬಗ್ಗೆ ಎಂದು ನನಗೆ ಯಾರೂ ಹೇಳಿರಲಿಲ್ಲ. ವಿಷಯ ಬದಲಾಗಿದೆ ಎಂದು ಜನರಿಗೂ ಯಾರೂ ಹೇಳಿರಲಿಲ್ಲ.

ನಾನು ಶುರುಮಾಡಿದೆ. ಹಿಂದೆ ಅಮೆರಿಕದಿಂದ ಯುರೋಪಿಗೆ ಹೋಗಿ ಹೆಸರು ಮಾಡಿದವರಲ್ಲಿ ಗೋಲ್‌ಕೀಪರುಗಳೇ ಹೆಚ್ಚು, ಈಗ ಇಟಲಿ, ಜರ್ಮನಿ, ಇಂಗ್ಲೆಂಡುಗಳಲ್ಲಿ ಅವರ ಹುಡುಗರು ಗೋಲು ಹೊಡೆಯುತ್ತಾರೆ, ಮೈದಾನದ ನಡುವೆ ನಿಂತು ಇಡೀ ಆಟ ನಡೆಸುತ್ತಾರೆ ಎಂದೆ. ಸಭೆ ಪಿಳಿಪಿಳಿ ನೋಡುತ್ತಿತ್ತು. ಮೊದಲ ಸಾಲಿನಲ್ಲೇ ಒಬ್ಬರು ಗೊರಕೆ ಹೊಡೆಯತೊಡಗಿದರು.

“ಆದರೆ ಇವರಿಗೆ ಒಂದು ದೊಡ್ಡ ತೊಂದರೆ ಇದೆ,” ಎಂದೆ. “ಆಟ ಚೆನ್ನಾಗಿ ಕುದುರುವ ಹೊತ್ತಿಗೆ ಮೊಣಕಾಲು ಕೈಕೊಡುತ್ತದೆ. ಜರ್ಮನಿಯಲ್ಲಿ ಆಡುವ ಹುಡುಗನೊಬ್ಬ ಈಗಲೂ ಮನೆಯಲ್ಲೇ ಇದ್ದಾನೆ.”

ಇಡೀ ಸಭೆ ನೆಟ್ಟಗೆ ಕೂತಿತು. ಗೊರಕೆ ನಿಂತಿತು. ಮುಂದೆ ಕೂತಿದ್ದ, ನಾವೆಲ್ಲ ಕಾಕೂ ಎಂದು ಕರೆಯುವ ಹಿರಿಯ ಹೆಂಗಸು ಕೈ ಎತ್ತಿದರು. ಖಡಕಿಯವರು. ಅವರ ಯಜಮಾನರು ಅಲ್ಲಿನ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು.

“ಯಾವ ಕಾಲು?”

“ಎಡಗಾಲರೀ.”

“ನಂದೂ ಎಡಗಾಲ! ಮೆಟ್ಟಲಾ ಹತ್ತೂ ಮುಂದ ನೋಯ್ತದೋ, ಇಳಿಯೂ ಮುಂದೋ?”

“ಅವನ ಮನಿ ಮೆಟ್ಟಲಾ ನಾ ನೋಡಿಲ್ರೀ ಕಾಕೂ.”

ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು ನಿಂತರು. “ಎಣ್ಣಿ ಯಾವುದು ಹಚ್ಚತಾರ?”

“ಎಣ್ಣಿ ಹಚ್ಚೂದಿಲ್ರೀ. ಬರ್ಫ ಇಡ್ತಾರ.”

“ಬರ್ಫ ಇಡ್ತಾರಾ? ಅದಕ್ಕ ಮತ್ತ ಮತ್ತ ನೋಯ್ತದ!”

ಸಭೆ ಒಕ್ಕೊರಲಿನಿಂದ ಹೌದೆಂದಿತು. ಎಳ್ಳೆಣ್ಣೆಯೋ ಔಡಲೆಣ್ಣೆಯೋ ಎಂಬ ಪ್ರಶ್ನೆ ಬಂದಾಗ ಎರಡು ಪಕ್ಷಗಳಾದವು. ಜಗಳ ಕನ್ನಡದಲ್ಲಿ ಶುರುವಾಗಿ ಮರಾಠಿಗೆ ಹೋಯಿತು. ನಾನು ಮಾತನ್ನು ಫುಟ್‌ಬಾಲಿಗೆ ಎಳೆದು ತರಲು ನೋಡಿದೆ.

“ಪಾಪ, ಕಾಲು ಆರಾಮಾದ ಮ್ಯಾಲೂ ಕೋಚ್ ಸುಮ್ನ ಬೆಂಚಿನ ಮ್ಯಾಲ ಕುಂದ್ರಸ್ತಾನ್ರೀ.”

“ಚಲೋ ಮಾಡ್ತಾನ,” ಎಂದರು ಕಾಕೂ. “ನೆಲದ ಮ್ಯಾಲ ಕುಂದ್ರಬ್ಯಾಡ್ರಿ ಅಂತ ನಮ್ಮ ಡಾಕ್ಟರೂ ಹೇಳ್ಯಾರ.”

ಆಟಗಾರರು ಮಾಡುವ ವ್ಯಾಯಾಮ ತೋರಿಸಬೇಕೆಂದು ಒತ್ತಾಯ ಬಂತು. ಟಿವಿಯಲ್ಲಿ ನೋಡಿದ್ದಷ್ಟನ್ನು ತೋರಿಸಿದೆ: ಒಂದು ಕಾಲಿನ ಮೇಲೆ ನಿಂತು, ಇನ್ನೊಂದನ್ನು ಹಿಂದಕ್ಕೆ ಮಡಚಿ ಹಿಡಿಯುವುದು. ಎಲ್ಲರೂ ಎದ್ದರು. ಪ್ಲಾಸ್ಟಿಕ್ ಕುರ್ಚಿಗಳು ಜಾರಿದವು. ಹೀಗಾಗಿ ಒಬ್ಬರು ಪಕ್ಕದವರ ಭುಜ ಹಿಡಿದರು, ಅವರು ಅವರ ಪಕ್ಕದವರದ್ದು. ಇಡೀ ಸಾಲು ಘಾಟಿನಲ್ಲಿ ಹೋಗುವ ರೈಲಿನಂತೆ ಓಲಾಡತೊಡಗಿತು. ಅಷ್ಟರಲ್ಲಿ ಕಾರ್ಯದರ್ಶಿ ಉಪ್ಪಿಟ್ಟಿನ ಪಾತ್ರೆ ಹೊತ್ತು ಬಾಗಿಲಿಗೆ ಬಂದರು.

“ಇದೆಂತ ಮಾರಾಯ್ರೆ, ಎಲ್ಲರೂ ಕೊಕ್ಕರೆ ಹಾಗೆ ನಿಂತಿದ್ದೀರಿ?”

ಯಾರೂ ಬೀಳಲಿಲ್ಲ. ಇಷ್ಟು ಉಪಯುಕ್ತವಾದ ಉಪನ್ಯಾಸ ಸಂಘದಲ್ಲಿ ಆಗಿರಲೇ ಇಲ್ಲ ಎಂದು ವಂದನಾರ್ಪಣೆ ಮಾಡಿದವರು ಹೇಳಿದರು. ಸ್ಕೂಟರಿನಲ್ಲಿ ಹಿಂದೆ ಕೂತ ಹೆಂಡತಿ ದಾರಿಯುದ್ದಕ್ಕೂ ನನ್ನನ್ನು “ಡಾಕ್ಟರ್ ಸಾಹೇಬ್ರ” ಎಂದೇ ಕರೆದಳು.

ಆಮೇಲೆ ಕಾಕೂ ಆಗಾಗ ಫೋನ್ ಮಾಡತೊಡಗಿದರು. “ಆ ಹುಡುಗನ ಕಾಲು ಹ್ಯಾಂಗದಪಾ?” ಎಂದು ಒಂದೇ ಪ್ರಶ್ನೆ. ಅವನು ಮತ್ತೆ ಆಡುತ್ತಾನೆ ಎಂದು ಸುದ್ದಿ ಬಂದಾಗ ನಾನೇ ಅವರಿಗೆ ತಿಳಿಸಿದೆ. ಆ ಶನಿವಾರ ಸಂಜೆ ಆಟ ನೋಡಲು ಗಂಡ ಹೆಂಡತಿ ಇಬ್ಬರೂ ರಿಕ್ಷಾ ಮಾಡಿಕೊಂಡು ನಮ್ಮ ಮನೆಗೆ ಬಂದರು.

ಕಾಕೂ ಚೆಂಡನ್ನು ನೋಡಲೇ ಇಲ್ಲ. ಅವರ ಕಣ್ಣೆಲ್ಲ ಆ ಎಡಗಾಲಿನ ಮೇಲೆ. ಹುಡುಗ ನಿಜಕ್ಕೂ ಚೆನ್ನಾಗಿ ಆಡಿದ. ಇಬ್ಬರನ್ನು ದಾಟಿ ಹೋಗಿ ಗೋಲು ಹೊಡೆದೇಬಿಟ್ಟ. ನಾನು ಸೋಫಾದ ಮೇಲೆ ಹತ್ತಿ ಕುಣಿದೆ. ಟಿವಿಯಲ್ಲಿ ಅವನು ಸಂಭ್ರಮದಿಂದ ಓಡಿ ಬಂದು, ಎರಡೂ ಮೊಣಕಾಲು ಊರಿ, ಹುಲ್ಲಿನ ಮೇಲೆ ಉದ್ದಕ್ಕೆ ಜಾರಿದ.

“ಅಯ್ಯ ನನ ಶಿವನ!” ಕಾಕೂ ಹಣೆ ಬಡಿದುಕೊಂಡರು. “ಆ ಕಾಲಿನ ಮ್ಯಾಲೇ ಬಿದ್ದನಲ್ಲೋ! ಏಳೋ ತಮ್ಮಾ, ಏಳು!”

ಸ್ವಲ್ಪ ಹೊತ್ತಿಗೆ ಕೋಚ್ ಅವನನ್ನು ಹೊರಗೆ ಕರೆಸಿಕೊಂಡ. ಗೋಲು ಹೊಡೆದವನನ್ನೇ ಕೂರಿಸುವುದೇ? ನಾನು ಬಾಯಿಗೆ ಬಂದಂತೆ ಬಯ್ದೆ.

“ನೀವು ಸುಮ್ನಿರ್ರಿ,” ಎಂದರು ಕಾಕೂ. “ಭಾಳ ಶಾಣ್ಯಾ ಮನಷ್ಯಾ ಅವಾ. ಹುಡುಗ ಈಗ ಆರಾಮ ಕುಂತು ನೀರ ಕುಡೀಲಿ.”

ಅವನು ಹೊರಗೆ ಹೋದ ಮೇಲೆ ಎದುರಿನವರು ಎರಡು ಗೋಲು ಹೊಡೆದು ಗೆದ್ದರು. ನನಗೆ ಊಟ ಸೇರಲಿಲ್ಲ. ಕಾಕೂ ಮಾತ್ರ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಹೊರಡುವಾಗ ಲಿಫ್ಟಿನ ಬಾಗಿಲಲ್ಲಿ ನಿಂತು, “ಇವತ್ತ ಭಾಳ ಚಲೋ ಆತು ನೋಡ್ರಿ ಆಟ,” ಎಂದು ನನ್ನ ಹೆಂಡತಿಗೆ ಹೇಳಿ ಹೋದರು.