ಹರಿಯದೆ ಉಳಿದ ಕಾರ್ಡು

ಹಳೇ ಕಾಗದ ಕೂಡಿಡುವವರ ಮೇಳಗಳಿಗೆ ನಾನು ಹೋಗತೊಡಗಿದ್ದು ಶೋಕಿಗಲ್ಲ. ರಾಜಾಜಿನಗರದ ಕಲ್ಯಾಣ ಮಂಟಪದಲ್ಲಾಗಲಿ, ವಿಜಯನಗರದ ಯಾವುದೋ ಸಂಘದ ಮಹಡಿಯಲ್ಲಾಗಲಿ, ಒಮ್ಮೆ ಕೆಂಗೇರಿಯಾಚೆಯ ಒಂದು ಶಾಲೆಯಲ್ಲಾಗಲಿ, ಭಾನುವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತಿದ್ದೆ. ಉದ್ದನೆಯ ಮೇಜುಗಳ ಮೇಲೆ ಚಿತ್ರದ ಪೋಸ್ಟ್‌ಕಾರ್ಡು, ಬೆಂಕಿಪೊಟ್ಟಣದ ಚೀಟಿ, ಬಸ್ ಟಿಕೆಟ್ಟು, ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ. ಭೂತಗನ್ನಡಿ ಹಿಡಿದ ಗಂಡಸರು ಒಂದೊಂದು ಟಿಕೆಟ್ಟಿನ ಮೇಲೂ ಬಗ್ಗಿ ಅಲುಗಾಡದೆ ನಿಂತಿರುತ್ತಿದ್ದರು. ಇವರಿಗೆ ಮನೆಯಲ್ಲಿ ಬೇರೆ ಕೆಲಸವಿಲ್ಲವೇ ಎಂದು ನನಗೆ ಸಿಟ್ಟು ಬರುತ್ತಿತ್ತು. ನಾನು ಎಲ್ಲರ ಹತ್ತಿರವೂ ಕೇಳುತ್ತಿದ್ದುದು ಒಂದೇ, ತಿಥಿ ಕಾರ್ಡ್ ಇದೆಯಾ ಎಂದು.

ಕೇಳಿದ ಕೂಡಲೇ ಮುಖಗಳು ಬದಲಾಗುತ್ತಿದ್ದವು. ಲಗ್ನಪತ್ರಿಕೆಯನ್ನು ನಮ್ಮಲ್ಲಿ ದೇವರ ಮುಂದಿಡುತ್ತಾರೆ. ಸಾವಿನ ಕಾರ್ಡನ್ನು ಓದಿದ ತಕ್ಷಣ ಹರಿದು ಹೊರಗೆಸೆಯುತ್ತಾರೆ, ಅದು ಮನೆಯೊಳಗೆ ಉಳಿಯಬಾರದು.

"ಮದ್ವೆ ಕಾರ್ಡ್ ಎಷ್ಟ್ ಬೇಕಾದ್ರೂ ಕೊಡ್ತೀನಿ ಮೇಡಂ," ಎಂದ ಒಬ್ಬ ವ್ಯಾಪಾರಿ. "ತಿಥಿ ಕಾರ್ಡ್ ಯಾರ್ ಇಟ್ಕೋತಾರೆ? ನಾನ್ ಮನೆಗ್ ತಂದ್ರೆ ನನ್ ಹೆಂಡ್ತಿ ನನ್ನನ್ನೂ ಸೇರಿಸಿ ಆಚೆ ಹಾಕ್ತಾಳೆ."

ನನಗೆ ಬೇಕಿದ್ದುದು ನಮ್ಮಣ್ಣನ ಕಾರ್ಡು. ಅವನು ಕಾಮಾಲೆಯಲ್ಲಿ ತೀರಿಕೊಂಡಾಗ ಆಗಷ್ಟೇ ಕಾಲೇಜಿಗೆ ಸೇರಿದ್ದ, ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಅವನದೆಂದು ಇದ್ದುದು ಪರೀಕ್ಷೆಗಾಗಿ ತೆಗೆಸಿದ ಒಂದೇ ಫೋಟೊ. ಅಪ್ಪ ಅದನ್ನು ತಿಥಿ ಕಾರ್ಡಿನಲ್ಲಿ ಹಾಕಿಸಲು ಪ್ರೆಸ್ಸಿಗೆ ಕೊಟ್ಟರು, ಕಾರ್ಡು ಅಚ್ಚಾದ ಮೇಲೆ ಪ್ರೆಸ್ಸಿನವರು ಫೋಟೊವನ್ನು ಕಳೆದುಬಿಟ್ಟರು. ಹಂಚಿ ಮಿಕ್ಕ ಕಾರ್ಡುಗಳನ್ನು ಅಜ್ಜಿ ಶಾಸ್ತ್ರದಂತೆ ಹರಿದು ಹಾಕಿದಳು. ಊರೂರಿನ ನೆಂಟರೂ ಹಾಗೇ ಮಾಡಿರಬೇಕು.

ಇಷ್ಟು ವರ್ಷ ಅಮ್ಮ ಆ ಮಾತೆತ್ತಲಿಲ್ಲ. ಮರೆವು ಶುರುವಾದ ಮೇಲೆ ಬೆಳಗಿನ ಕಾಫಿ ಲೋಟ ಹಿಡಿದು ಅದನ್ನೇ ಕೇಳತೊಡಗಿದಳು.

"ಅವನ ಮುಖ ಹೆಂಗಿತ್ತೇ? ಎಷ್ಟ್ ನೆನೆಸ್ಕೊಂಡ್ರೂ ಕಣ್ಮುಂದೆ ಬರ್ತಾ ಇಲ್ಲ ಕಣೇ. ಹೆತ್ತೋಳಿಗೇ ನೆನಪಿಲ್ಲ ಅಂದ್ರೆ ಅವನು ಇನ್ನೆಲ್ಲಿಗ್ ಹೋಗ್ಬೇಕು?"

ಆ ಮುಖ ನನಗೂ ಗೊತ್ತಿಲ್ಲ. ಒಂದೊಂದೇ ಹೆಸರು, ಒಂದೊಂದೇ ಬೀದಿ ಅಮ್ಮನ ತಲೆಯಿಂದ ಜಾರುತ್ತಿತ್ತು. ಅಣ್ಣನೇ ಜಾರಿಹೋಗುವ ಮುನ್ನ ಮುಖ ಸಿಗಬೇಕೆಂದು ನನಗೆ ಜೀವ ಬಾಯಿಗೆ ಬಂದಂತಾಗುತ್ತಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎನ್ನುತ್ತಾರಲ್ಲ, ನಾನು ಹಿಡಿದದ್ದು ರದ್ದಿ ಕಾಗದವನ್ನು. ಆ ವ್ಯಾಪಾರಿಗೆ ಅಣ್ಣನ ಹೆಸರನ್ನೂ ನಮ್ಮ ನೆಂಟರಿದ್ದ ಹಳ್ಳಿಗಳ ಹೆಸರನ್ನೂ ಬರೆದುಕೊಟ್ಟು, ನಾಚಿಕೆ ಬಿಟ್ಟು ಕೈಮುಗಿದಿದ್ದೆ.

ಅವರೆಕಾಯಿ ಬರುವ ಕಾಲಕ್ಕೆ ನಡೆದ ಮೇಳದಲ್ಲಿ ಅವನೇ ದೂರದಿಂದ ಕೈಬೀಸಿ ಕರೆದ. ಮಾಗಡಿ ಕಡೆ ಒಂದು ಹಳೇ ಮನೆ ಕೆಡವುವಾಗ, ತಂತಿಗೆ ಚುಚ್ಚಿಟ್ಟ ಕಾಗದಗಳನ್ನು ಕೊಂಡು ತಂದಿದ್ದನಂತೆ.

"ಆ ಮನೇಲಿದ್ದ ಅಜ್ಜಿಗೆ ಓದೋಕ್ ಬರ್ತಿರ್ಲಿಲ್ವಂತೆ ಮೇಡಂ. ಬಂದಿದ್ದೆಲ್ಲ ತಂತಿಗೆ ಚುಚ್ಚಿಡೋರು. ಏನಂತ ಗೊತ್ತಾಗ್ದೆ ಇದೂ ಉಳ್ಕೊಂಡಿದೆ."

ಆ ಅಜ್ಜಿ ನಮ್ಮಪ್ಪನ ಸೋದರತ್ತೆ. ಕಾರ್ಡಿನ ಮೇಲೆ ಅಪ್ಪನ ಅಕ್ಷರದಲ್ಲಿ ವಿಳಾಸ. ತಿರುಗಿಸಿದರೆ ಕಪ್ಪು ಅಂಚಿನೊಳಗೆ ಅಣ್ಣ. ಎಣ್ಣೆ ಹಚ್ಚಿ ಬಾಚಿದ ಕೂದಲು, ನಗಬಾರದೆಂದು ಬಿಗಿಹಿಡಿದ ತುಟಿ, ನನಗಿರುವಂಥದೇ ಚಾಚಿಕೊಂಡ ಕಿವಿ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಭೂತಗನ್ನಡಿಯವರೊಬ್ಬರು ತಮ್ಮ ಕುರ್ಚಿ ತಂದು ಪಕ್ಕದಲ್ಲಿಟ್ಟು ಹೋದರು.

ಆಟೋ ಹಿಡಿದು ಬಸವೇಶ್ವರನಗರಕ್ಕೆ ಬಂದಾಗ ಅಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಏನೂ ಹೇಳದೆ ಕಾರ್ಡನ್ನು ಅವಳ ಕೈಗೆ ಕೊಟ್ಟೆ. ಅವಳು ತಾನೇ ಗುರುತು ಹಿಡಿಯಲಿ, ಆ ಗಳಿಗೆಯನ್ನು ನಾನು ನೋಡಬೇಕು ಎಂಬ ಆಸೆ. ಅಮ್ಮ ಸೆರಗಿಗೆ ಕೈ ಒರೆಸಿ, ಕನ್ನಡಕ ಹಾಕಿಕೊಂಡು, ಅಕ್ಷರ ಕೂಡಿಸಿ ಓದಿದಳು. ಅದರಲ್ಲಿದ್ದುದು ಅವನಿಗೆ ಶಾಲೆಯಲ್ಲಿ ಬರೆಸಿದ್ದ ಹೆಸರು, ಮನೆಯಲ್ಲಿ ಅವನನ್ನು ಕರೆಯುತ್ತಿದ್ದ ಹೆಸರಲ್ಲ.

"ಯಾರ ಮನೆ ಮಗುವೋ, ಪಾಪ," ಎಂದಳು. "ಹೆತ್ತೋಳು ಹೆಂಗ್ ತಡ್ಕೊಂಡ್ಳೋ."

ನಾನು ಬಾಯಿ ತೆರೆಯುವಷ್ಟರಲ್ಲಿ ಕಾರ್ಡನ್ನು ಅಡ್ಡಕ್ಕೆ ಹರಿದಳು, ಉದ್ದಕ್ಕೆ ಹರಿದಳು, ಗ್ರಿಲ್ಲಿನಾಚೆ ಎಸೆದಳು. ತಲೆ ಮರೆತರೂ ಜೀವಮಾನವಿಡೀ ಮಾಡಿದ ಕೆಲಸವನ್ನು ಕೈ ಮರೆತಿರಲಿಲ್ಲ.

"ಸುಮ್ನೆ ನಿಂತಿದೀಯಲ್ಲೇ, ಸ್ನಾನಕ್ಕೆ ನೀರ್ ಕಾಯೋಕ್ ಹಾಕು," ಎಂದಳು.

ಗೇಟಿನ ಬಳಿ ಮಂಡಿಯೂರಿ ಚೂರುಗಳನ್ನು ಆರಿಸಿಕೊಂಡೆ. ಗೋಂದು ಹಚ್ಚಿ ಜೋಡಿಸಿ, ಸ್ಟುಡಿಯೋದಲ್ಲಿ ಗೆರೆಗಳನ್ನು ಅಳಿಸಿ, ಮುಖವಷ್ಟನ್ನೇ ದೊಡ್ಡದು ಮಾಡಿಸಿದೆ. ಈ ಸಲ ಬಾಯಿಬಿಟ್ಟೇ ಹೇಳಿದೆ, ಅಮ್ಮ ಇದು ನಮ್ಮಣ್ಣ ಎಂದು. ಅವಳು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

"ಲಕ್ಷಣವಾಗಿದಾನೆ. ಆದ್ರೆ ನಮ್ಮೋನಲ್ಲ ಕಣೇ. ನಮ್ಮೋಂದು ಹುಡುಕು."

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ. ದೇವರ ಮೇಲೆ, ಅಮ್ಮನ ಮೇಲೆ, ಆ ಪ್ರೆಸ್ಸಿನವರ ಮೇಲೆ, ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಹುಡುಕಿದ್ದು ಸಿಕ್ಕಿದ ಮೇಲೂ ಸಿಗಲಿಲ್ಲವೆಂದರೆ ಇನ್ನೆಲ್ಲಿ ಹುಡುಕಲಿ?

ಈಗಲೂ ಮೇಳಗಳಿಗೆ ಹೋಗುತ್ತೇನೆ. ಅಮ್ಮ ಕೇಳುವುದನ್ನು ಬಿಟ್ಟಿಲ್ಲ, ಹುಡುಕಲು ಹೋಗ್ತೀನಮ್ಮ ಎಂದರೆ ಮಾತ್ರ ಅವಳಿಗೆ ಸಮಾಧಾನ. ಮೇಜಿನಿಂದ ಮೇಜಿಗೆ ನಡೆಯುತ್ತೇನೆ, ಯಾರನ್ನೂ ಏನೂ ಕೇಳುವುದಿಲ್ಲ. ಮಧ್ಯಾಹ್ನ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕಾಯುತ್ತಿರುತ್ತಾಳೆ.

"ಸಿಕ್ತೇನೇ?"

"ಇಲ್ಲಮ್ಮ."

"ಹೋಗ್ಲಿ ಬಿಡು, ಅಳಬೇಡ," ಎಂದು ನನ್ನ ಬೆನ್ನು ಸವರುತ್ತಾಳೆ. "ಮುಂದಿನ್ ಸಲ ಸಿಗ್ತಾನೆ."