ಬೀಗರ ಊರಿಗೆ ಪೊಲೀಸ್ ಬಂದೋಬಸ್ತಿನಲ್ಲಿ

ನನ್ನ ಮಗ ಕಲಬುರಗಿಯ ನಮ್ಮ ಓಣಿಯ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆದಮೇಲೆಯೇ ನಾನು ಆ ಆಟವನ್ನು ಕಣ್ಣು ಬಿಟ್ಟು ನೋಡಿದ್ದು. ಅದಕ್ಕೂ ಮೊದಲು, ಶಾಲೆಯಲ್ಲಿ ಪಾಠ ಹೇಳುವ ನನ್ನ ಪಾಲಿಗೆ ಫುಟ್‌ಬಾಲ್ ಎಂದರೆ ಬಕೆಟ್ಟಿನಲ್ಲಿ ನೆನೆಹಾಕಿದ, ಎಷ್ಟು ತಿಕ್ಕಿದರೂ ಕರಿಮಣ್ಣು ಬಿಡದ ಚಡ್ಡಿ. ಗೋಲ್‌ಕೀಪರನ ತಾಯಿಯ ಕಷ್ಟ ಬೇರೆಯವರಿಗೆ ತಿಳಿಯುವುದಿಲ್ಲ. ಮುಂದೆ ಆಡುವ ಹುಡುಗರ ತಾಯಂದಿರು ಚೆಂಡು ತಮ್ಮ ಮಗನ ಕಾಲಿಗೆ ಸಿಗಲಿ ಎಂದು ಬೇಡಿಕೊಳ್ಳುತ್ತಾರೆ. ನಾನು ಮಾತ್ರ ಆಟ ಮುಗಿಯುವತನಕ ಚೆಂಡು ಅವನ ಕಡೆ ಸುಳಿಯದಿರಲಿ ಎಂದು ಶರಣಬಸವೇಶ್ವರನಿಗೆ ಹೇಳಿಕೊಳ್ಳುತ್ತಿರುತ್ತೇನೆ.

ನಮ್ಮ ತಂಡದ ಅಭಿಮಾನಿಗಳಿಗೆಲ್ಲ ಮುಖಂಡ ಗಾದಿ ಚಾಚಾ. ಓಣಿಯ ತುದಿಯಲ್ಲಿ ಗಾದಿ ಹೊಲಿಯುವ ಅಂಗಡಿ ಅವರದು. ತಲೆಗೂದಲಲ್ಲಿ, ಹುಬ್ಬಿನಲ್ಲಿ, ಒಮ್ಮೊಮ್ಮೆ ಮೀಸೆಯಲ್ಲೂ ಅರಳೆ ಸಿಕ್ಕಿಕೊಂಡಿರುತ್ತದೆ. ಮೈದಾನದ ಅಂಚಿನಲ್ಲಿ ನಿಂತು ಅವರು ಬೈಯುವುದು ಉರ್ದುವಿನಲ್ಲಿ, ಹೊಗಳುವುದು ಕನ್ನಡದಲ್ಲಿ. ರೆಫರಿಗೆ ಎರಡೂ ಭಾಷೆ ಬರುವುದಾದರೆ ಅವನ ಪಾಡು ದೇವರಿಗೇ ಪ್ರೀತಿ.

ಚಾಚಾ ಅವರ ಮಗಳನ್ನು ಕಮಲಾಪುರಕ್ಕೆ ಕೊಟ್ಟಿದ್ದಾರೆ. ಅವಳ ಮಾವ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ; ಜೊತೆಗೆ ಕಮಲಾಪುರ ತಂಡದ ಅಭಿಮಾನಿಗಳ ಮುಖಂಡರೂ ಅವರೇ. ಸಂಬಂಧ ಕೂಡಿಸುವಾಗ ಎರಡೂ ಕಡೆಯವರು ಮನೆತನ, ನೌಕರಿ, ನಡತೆ ಎಲ್ಲ ವಿಚಾರಿಸಿದ್ದರು, ಫುಟ್‌ಬಾಲ್ ಒಂದನ್ನು ವಿಚಾರಿಸಿರಲಿಲ್ಲ. ಹೀಗಾಗಿ ಪಂದ್ಯದ ಹಿಂದಿನ ದಿನ ಇಬ್ಬರು ಬೀಗರೂ ಫೋನಿನಲ್ಲಿ ಒಬ್ಬರಿಗೊಬ್ಬರು ಅನ್ನಬಾರದ್ದನ್ನೆಲ್ಲ ಅಂದುಕೊಂಡು, ಕಡೆಗೆ ಬಿ.ಪಿ. ಗುಳಿಗೆ ತಗೊಂಡ್ರಾ ಎಂದು ಕೇಳಿ ಫೋನ್ ಇಡುತ್ತಿದ್ದರು.

ಹೋದ ವರ್ಷ ನಮ್ಮ ಮೈದಾನದಲ್ಲಿ ಕಮಲಾಪುರದವರೊಂದಿಗೆ ಆಡುವಾಗ ಒಂದು ಗೋಲಿನ ಬಗ್ಗೆ ತಕರಾರು ಬಂತು. ಎರಡೂ ಕಡೆಯವರು ಕೂಗಾಡಿದರು. ಆ ಗದ್ದಲದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಮುರಿಯಿತು. ಅದು ಮುರಿದದ್ದು ಜಗಳದಲ್ಲಲ್ಲ. ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿಯೊಬ್ಬರು ಚೆನ್ನಾಗಿ ಕಾಣಲೆಂದು ಅದರ ಮೇಲೆ ಹತ್ತಿ ನಿಂತಿದ್ದರು, ಅವರ ಮೈತೂಕ ಗೊತ್ತಿದ್ದ ಯಾರೂ ಕುರ್ಚಿಯ ತಪ್ಪು ಹಿಡಿಯಲಾರರು. ಆದರೆ ಯಾರೋ ಪುಣ್ಯಾತ್ಮರು ಅದರ ವಿಡಿಯೊ ಮಾಡಿ, ಹಿಂದೆ ಬಾಂಬು ಸಿಡಿಯುವ ಸದ್ದು ಸೇರಿಸಿ, ಊರಿಗೆಲ್ಲ ಹಂಚಿದರು. ಆ ವಿಡಿಯೊ ಪೊಲೀಸರಿಗೂ ತಲುಪಿತು.

ಈ ವರ್ಷ ಪಂದ್ಯ ಕಮಲಾಪುರದಲ್ಲಿತ್ತು. ಅದಕ್ಕೆ ಮುಂಚೆ ನಮ್ಮನ್ನೆಲ್ಲ ಠಾಣೆಗೆ ಕರೆಸಿದರು. ದಕ್ಷಿಣದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಇನ್ಸ್‌ಪೆಕ್ಟರು ಮರ್ಯಾದಸ್ಥರು. ಚಹಾ ತರಿಸಿಕೊಟ್ಟು, ಆಮೇಲೆ ಷರತ್ತು ಹೇಳಿದರು. ಕಲಬುರಗಿಯ ಅಭಿಮಾನಿಗಳು ಸ್ವಂತ ಗಾಡಿಯಲ್ಲಿ ಹೋಗುವಂತಿಲ್ಲ. ಎಲ್ಲರೂ ಒಂದೇ ಬಸ್ಸಿನಲ್ಲಿ, ಪೊಲೀಸ್ ಜೀಪಿನ ಹಿಂದೆ ಹೋಗಬೇಕು. ನಡುವೆ ಇಳಿಯುವಂತಿಲ್ಲ. ಹಲಗೆ ಬಾರಿಸುವಂತಿಲ್ಲ, ಕೋಲಿರುವ ಬಾವುಟ ತರುವಂತಿಲ್ಲ. ಅಲ್ಲಿ ನಮಗೆ ಬೇರೆ ಜಾಗ, ಅಲ್ಲಿಂದ ಕದಲುವಂತಿಲ್ಲ.

"ಸಾಹೇಬ್ರ, ಕಮಲಾಪುರದಾಗ ನನ್ನ ಮಗಳ ಮನಿ ಅದ," ಎಂದರು ಚಾಚಾ. "ಮ್ಯಾಚ್ ಮುಗದ ಮ್ಯಾಲ ಹೋಗಿ ಮೊಮ್ಮಗಳ ಮಾರಿ ನೋಡಿ ಬರಬಾರದೇನ್ರಿ?"

"ಬೇರೆ ದಿನ ಹೋಗಿ ಯಜಮಾನ್ರೇ. ಆವತ್ತು ನೀವು ಬೀಗರಲ್ಲ, ಎದುರು ಪಾರ್ಟಿ."

ಚಾಚಾ ಹುಬ್ಬಿನಲ್ಲಿದ್ದ ಅರಳೆ ಕೀಳತೊಡಗಿದರು. ಆಮೇಲೆ ಇನ್ಸ್‌ಪೆಕ್ಟರು ನನ್ನತ್ತ ತಿರುಗಿದರು. "ನೀವೂ ಬರ್ತೀರಾ ಮೇಡಂ?"

"ನನ್ನ ಮಗ ಗೋಲ್‌ಕೀಪರ್ ಅದಾನ್ರಿ," ಎಂದೆ.

ಅವರು ನಿಟ್ಟುಸಿರು ಬಿಟ್ಟು, ಪಟ್ಟಿ ಬರೆಯುತ್ತಿದ್ದ ಪೊಲೀಸನಿಗೆ, "ಒಬ್ರು ಮಹಿಳಾ ಕಾನ್‌ಸ್ಟೆಬಲ್‌ನೂ ಹಾಕಪ್ಪಾ," ಎಂದರು.

ಪಂದ್ಯದ ದಿನ ಆ ಮಹಿಳಾ ಕಾನ್‌ಸ್ಟೆಬಲ್ ಬಸ್ಸಿನ ಬಾಗಿಲಲ್ಲಿ ನನ್ನ ಚೀಲ ತಪಾಸಣೆ ಮಾಡಿದರು. ನನಗಿಂತ ಬಹಳ ಸಣ್ಣ ವಯಸ್ಸಿನವರು. "ನಿಮ್ಮೊಬ್ಬರ ಸಲುವಾಗಿ ನನ್ನ ಸೂಟಿ ಹೋಯ್ತ್ ನೋಡ್ರಿ ಟೀಚರ," ಎಂದು ನನ್ನ ಛತ್ರಿ ತೆಗೆದಿಟ್ಟರು. ಚೂಪು ತುದಿ ಇರುವ ವಸ್ತುಗಳಲ್ಲಿ ಅದು ಸೇರುತ್ತದಂತೆ. ಚಾಚಾ ಮೊಮ್ಮಗಳಿಗೆಂದು ಹೊಲಿದಿದ್ದ ಅಂಗೈ ಅಗಲದ ದಿಂಬನ್ನು ಪೊಲೀಸರೊಬ್ಬರು ಹಿಚುಕಿ, ಮೂಸಿ, ಕಿವಿಗೆ ಹಿಡಿದು ಅಲ್ಲಾಡಿಸಿ ವಾಪಸು ಕೊಟ್ಟರು.

ಬಸ್ಸು ಹೊರಟಿತು. ಮುಂದೆ ಜೀಪು. ಜೀಪಿನ ಚಾಲಕ ಎಂಥ ಶಾಂತ ಸ್ವಭಾವದವನೆಂದರೆ ಜೋಳದ ಕಣಿಕೆ ಹೇರಿಕೊಂಡ ಟ್ರ್ಯಾಕ್ಟರುಗಳೆಲ್ಲ ನಮ್ಮನ್ನು ಹಿಂದೆ ಹಾಕಿ ಹೋದವು. ಅರ್ಧ ದಾರಿ ದಾಟಿದ್ದೆವೋ ಇಲ್ಲವೋ, ಜೀಪಿನ ಟಯರು ಪಂಕ್ಚರ್ ಆಯಿತು. ನಮ್ಮ ಬಸ್ಸಿಗೇನೂ ಆಗಿರಲಿಲ್ಲ. ಆದರೆ ಜೀಪಿಗಿಂತ ಮುಂದೆ ಹೋಗಲು ನಮಗೆ ಅಪ್ಪಣೆ ಇರಲಿಲ್ಲ. ಇಳಿದು ಕೈ ಹಚ್ಚೋಣವೆಂದರೆ ಇಳಿಯಲೂ ಅಪ್ಪಣೆ ಇಲ್ಲ. ನಾವೆಲ್ಲ ಕಿಟಕಿಯಿಂದ ತಲೆ ಹೊರಹಾಕಿ, ಜ್ಯಾಕ್ ಎಲ್ಲಿ ಇಡಬೇಕು, ನಟ್ಟು ಯಾವ ಕಡೆ ತಿರುಗಿಸಬೇಕು ಎಂದು ಹೇಳಿಕೊಡುತ್ತ ಕುಳಿತೆವು.

ಅಷ್ಟರಲ್ಲಿ ಕಲಬುರಗಿಯಿಂದ ಬಂದ ಸರ್ಕಾರಿ ಬಸ್ಸೊಂದು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಅದರ ಹಿಂದಿನ ಸೀಟಿನಲ್ಲಿ ಠಾಣೆಗೆ ಬಾರದೆ ತಪ್ಪಿಸಿಕೊಂಡಿದ್ದ ನಮ್ಮ ಓಣಿಯ ಹುಡುಗರು ಹಲಗೆ ಸಮೇತ ಕುಳಿತಿದ್ದರು. ನಮ್ಮನ್ನು ನೋಡಿ ಕೈ ಬೀಸಿದರು.

"ನೋಡ್ರಿ ಟೀಚರ," ಎಂದರು ಚಾಚಾ, "ಠಾಣೆಗಿ ಕರದಾಗ ಹೋದವರಿಗಿ ಜೈಲು, ಹೋಗದವರಿಗಿ ಸವಾರಿ."

ಕಮಲಾಪುರ ತಲುಪಿದಾಗ ಮೊದಲರ್ಧ ಆಗಷ್ಟೇ ಮುಗಿದಿತ್ತು. ನಮಗಾಗಿ ಮೈದಾನದ ಒಂದು ಮೂಲೆಯಲ್ಲಿ ಬಿದಿರು ಕಟ್ಟಿ, ದನ ಕಟ್ಟುವ ಹಗ್ಗ ಸುತ್ತಿದ್ದರು. ಸಂತೆಯ ದಿನ ಕುರಿ ಮಾರುವ ಜಾಗವದು. ಕುರಿಗಳು ಹೋಗಿದ್ದರೂ ಬಿಟ್ಟುಹೋದದ್ದು ಸಾಕಷ್ಟಿತ್ತು. ನಾನು ಸೀರೆಯ ನೆರಿಗೆ ಎತ್ತಿಕೊಂಡು ನಿಂತೆ. ಹಗ್ಗದಾಚೆ ನಿಂತಿದ್ದ ಕಡಲೆ ಮಾರುವವನನ್ನು ಆಟ ಎಲ್ಲಿಗೆ ಬಂತೆಂದು ಕೇಳಿದೆವು. ಕಮಲಾಪುರ ಒಂದು ಗೋಲಿನಿಂದ ಮುಂದಿದೆ ಎಂದ. ಆಮೇಲೆ, "ಖರೇ ಹೇಳಬೇಕಂದ್ರ ಎರಡ್ ಆಗತಿದ್ವು. ನಿಮ್ಮ ಗೋಲ್‌ಕೀಪರ್ ಒಂದ್ ಪೆನಾಲ್ಟಿ ಹಿಡದಾನ್ರಿ. ಹಾರಿ ಹಿಡದಾ. ನಾವೂ ಚಪ್ಪಾಳಿ ಹೊಡದೀವಿ," ಎಂದ.

ನಾನು ಎತ್ತಿ ಹಿಡಿದಿದ್ದ ನೆರಿಗೆ ಕೈಬಿಟ್ಟೆ. ಇಷ್ಟು ವರ್ಷ ಅವನು ಬಿಟ್ಟ ಗೋಲುಗಳನ್ನೆಲ್ಲ ಕಣ್ಣಾರೆ ನೋಡಿದ್ದೇನೆ. ಹಿಡಿದ ಒಂದೇ ಒಂದು ಪೆನಾಲ್ಟಿಯ ಹೊತ್ತಿಗೆ ನಾನು ಹೆದ್ದಾರಿಯಲ್ಲಿ ನಟ್ಟು ತಿರುಗಿಸಲು ಕಲಿಸುತ್ತಿದ್ದೆ. ಪಕ್ಕದಲ್ಲಿದ್ದ ಮಹಿಳಾ ಕಾನ್‌ಸ್ಟೆಬಲ್, "ಯಾವನ್ರೀ ನಿಮ್ಮ ಮಗ?" ಎಂದರು. ಎರಡನೇ ಅರ್ಧಕ್ಕೆ ಅವನು ಆಚೆ ತುದಿಗೆ ಹೋಗಿದ್ದ. ದೂರದಲ್ಲಿ ಹಳದಿ ಚುಕ್ಕೆಯೊಂದು ಕುಣಿಯುತ್ತಿರುವುದನ್ನು ತೋರಿಸಿದೆ. "ಛಲೋ ಎತ್ತರ ಅದಾನ," ಎಂದು ಅವರು ಸಮಾಧಾನ ಹೇಳಿದರು.

ಎದುರುಗಡೆ ಬೀಗರು ಚಾಚಾ ಅವರ ಮೊಮ್ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನಿಂತಿದ್ದರು. ಕೂಸಿನ ತಲೆಗೆ ಕಮಲಾಪುರ ತಂಡದ ಕೆಂಪು ಟೊಪ್ಪಿಗೆ. ಬೇಕೆಂದೇ ಅದರ ಕೈ ಹಿಡಿದು ನಮ್ಮ ಕಡೆ ಆಡಿಸಿದರು.

"ಯಾ ಅಲ್ಲಾ," ಎಂದು ಚಾಚಾ ಹಗ್ಗ ಹಿಡಿದುಕೊಂಡರು. "ಅದಕ್ಕ ಇನ್ನಾ ಹಲ್ಲ ಬಂದಿಲ್ಲ. ಈಗೇ ಅದರ ಜಿಂದಗಿ ಬರಬಾದ್ ಮಾಡ್ಲಕತ್ತಾನ."

ಆಟ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಇನ್ಸ್‌ಪೆಕ್ಟರು ಬಂದು ಎಲ್ಲರೂ ಬಸ್ಸು ಹತ್ತಬೇಕೆಂದರು. ಮುಗಿದ ಮೇಲೆ ಎರಡು ಗುಂಪು ಎದುರುಬದುರಾಗಬಾರದು ಎಂಬುದು ಅವರ ಲೆಕ್ಕ. ನಾವು ಕೇಳಿಕೊಂಡೆವು, ಕೈ ಮುಗಿದೆವು. ತೊಗರಿ ವ್ಯಾಪಾರಿ ನೆಲದ ಮೇಲೆ ಕೂತೇಬಿಟ್ಟರು. ಕೂತಮೇಲೆ ಕುರಿಗಳ ನೆನಪಾಗಿ ತಾವಾಗಿಯೇ ಎದ್ದರು. ಕಡೆಗೆ ಗೋಡೆಯಾಚೆ ನಿಂತ ಬಸ್ಸಿನಲ್ಲಿ ನಮ್ಮನ್ನು ಕೂಡಿಸಿ ಬಾಗಿಲು ಹಾಕಿದರು.

ಆಗ ಮೈದಾನದಿಂದ ದೊಡ್ಡ ಗದ್ದಲ ಕೇಳಿತು. ಗೋಲು ಆಗಿದೆ ಎಂಬುದು ಖಾತ್ರಿ. ಯಾರದು ಎಂಬುದು ಗೊತ್ತಿಲ್ಲ. ಗೋಡೆ ಎತ್ತರ. ಬಸ್ಸಿನಲ್ಲಿ ಒಬ್ಬರು ನಮ್ಮದು ಎಂದರೆ ಇನ್ನೊಬ್ಬರು ಅವರದು ಎಂದರು. ನಾನು ಸೆರಗಿನ ತುದಿ ಕಚ್ಚಿಕೊಂಡು ಕುಳಿತೆ. ಚಾಚಾ ಜೇಬಿನಿಂದ ಫೋನ್ ತೆಗೆದು ಬೀಗರಿಗೆ ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು. ಬೀಗರು ಕಟ್ ಮಾಡಿದರು.

ಚಾಚಾ ಅವರ ಮುಖ ಅರಳಿತು. "ನಮ್ಮದೇ ಗೋಲು," ಎಂದರು. "ಅವರದಾಗಿದ್ರ ಅವನೇ ನನಗ ಹಚ್ಚತಿದ್ದಾ."

ಮಹಿಳಾ ಕಾನ್‌ಸ್ಟೆಬಲ್ ಅಷ್ಟರಲ್ಲಿ ಬಸ್ಸಿನ ಹಿಂದಿನ ಏಣಿ ಹತ್ತಿ ಗೋಡೆಯಾಚೆ ಇಣುಕಿದ್ದರು. ಇಳಿದು ಕಿಟಕಿಗೆ ಬಂದು, ಇನ್ಸ್‌ಪೆಕ್ಟರಿಗೆ ಕೇಳಿಸದ ಹಾಗೆ, "ಚಾಚಾ ಹೇಳಿದ್ದು ಖರೇ ಅದ. ಒಂದಕ್ಕೊಂದು," ಎಂದರು. ಬಸ್ಸು ನಿಂತಲ್ಲೇ ಕುಲುಕಾಡಿತು.

ಪಂದ್ಯ ಸಮನಾಗಿಯೇ ಮುಗಿಯಿತು. ಊರ ಜನ ಚದುರುವವರೆಗೆ ಬಸ್ಸು ಬಿಡುವುದಿಲ್ಲ ಎಂದರು. ಆದರೆ ಊರ ಜನ ಚದುರಲಿಲ್ಲ. ಪೊಲೀಸರು ಬಾಗಿಲು ಹಾಕಿ ಕೂಡಿಸಿದವರು ಎಂಥವರು ಎಂದು ನೋಡಲು ಎಲ್ಲರೂ ಬಸ್ಸಿನ ಸುತ್ತಲೇ ನೆರೆದರು. ಅವರು ಹೋಗದೆ ನಾವು ಹೊರಡುವಂತಿಲ್ಲ, ನಾವು ಹೊರಡದೆ ಅವರು ಹೋಗುವವರಲ್ಲ. ಸಿಕ್ಕ ಸಿಕ್ಕ ಪರಿಚಯದವರು ಕಿಟಕಿಯ ಕೆಳಗೆ ನಿಂತು ಮಳೆ, ತೊಗರಿ ಧಾರಣೆ, ಮದುವೆಗಳ ಮಾತು ತೆಗೆದರು. ಯಾರೋ ಕೆಂಪು ಬಾಳೆಹಣ್ಣಿನ ಚಿಪ್ಪನ್ನೇ ಒಳಗೆ ಕೊಟ್ಟರು.

ಬೀಗರು ಮನೆಯಿಂದ ತಹರಿಯ, ಅಂದರೆ ಮಾಂಸದ ಮಸಾಲೆ ಅನ್ನದ, ದೊಡ್ಡ ಬೋಗುಣಿ ಹೊರಿಸಿಕೊಂಡು ಬಂದರು. ಮಾಂಸ ತಿನ್ನದ ನನಗೆಂದು ಬೇರೆ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಇತ್ತು. ಬಸ್ಸಿಗೆ ಏನನ್ನೂ ಕೊಡುವಂತಿಲ್ಲ ಎಂದು ಇನ್ಸ್‌ಪೆಕ್ಟರು ಅಡ್ಡ ಬಂದರು.

"ಸಾಹೇಬ್ರ," ಎಂದರು ಬೀಗರು, "ಮ್ಯಾಚಿನಾಗ ಇವನಿಗಿ ನೀರೂ ಕೊಡಾಂಗಿಲ್ಲ. ಆದ್ರ ಮ್ಯಾಚ್ ಮುಗದದ. ಈಗ ಇವನು ಉಣದೇ ಹೋದ್ರ ನನ್ನ ಸೊಸಿ ನನಗ ಮನ್ಯಾಗ ಬಿಟ್ಟಕೊಳ್ಳಾಂಗಿಲ್ಲ. ಅದಕ್ಕೂ ಬಂದೋಬಸ್ತ್ ಮಾಡತೀರೇನು?"

ಇನ್ಸ್‌ಪೆಕ್ಟರು ಯೋಚಿಸುತ್ತಿರುವಾಗಲೇ ಚಾಚಾ ಅವರ ಮಗಳು ಬಂದು ಕಿಟಕಿಯಿಂದ ಕೂಸನ್ನು ತಂದೆಯ ಕೈಗೆ ಕೊಟ್ಟುಬಿಟ್ಟಳು.

"ಈ ಮಗು ಯಾವ ಕಡೆಯದು?" ಎಂದು ಕೇಳಿದರು ಇನ್ಸ್‌ಪೆಕ್ಟರು. ತಮಾಷೆಗೆ ಕೇಳಿದರೋ, ನಿಜವಾಗಿ ಕೇಳಿದರೋ ನನಗೆ ಇಂದಿಗೂ ತಿಳಿದಿಲ್ಲ.

"ಇನ್ನಾ ಮಾತು ಬರಾಂಗಿಲ್ರಿ," ಎಂದರು ಚಾಚಾ ಕೆಂಪು ಟೊಪ್ಪಿಗೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತ. "ಬಂದ್ ಮ್ಯಾಲ ಕೇಳಿ ಹೇಳತೀನಿ."

ಸ್ವಲ್ಪ ಹೊತ್ತಿನ ಮೇಲೆ ಇನ್ಸ್‌ಪೆಕ್ಟರೂ ಜೀಪಿನ ಬಾನೆಟ್ಟಿನ ಮೇಲೆ ತಟ್ಟೆ ಇಟ್ಟುಕೊಂಡು ತಹರಿ ಉಂಡರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಎರಡನೇ ಸಲ ಹಾಕಿಸಿಕೊಂಡರು.

ನಾನು ಮನೆ ಸೇರಿದಾಗ ಮಗ ಆಗಲೇ ಸ್ನಾನ ಮುಗಿಸಿ, ಉಂಡು, ಟಿವಿ ನೋಡುತ್ತ ಕುಳಿತಿದ್ದ. ಆಟಗಾರರ ಗಾಡಿಗೆ ಯಾವ ಷರತ್ತೂ ಇರಲಿಲ್ಲವಂತೆ. "ಎಲ್ಲಿ ಇದ್ದಿ ಯವ್ವಾ? ಮೈದಾನದಾಗ ಹುಡುಕೀನಿ, ಕಾಣಲೇ ಇಲ್ಲ," ಎಂದ.

ಹೇಳಲು ಬಹಳ ಇತ್ತು.  "ಆ ಪೆನಾಲ್ಟಿ ಹೆಂಗ ಹಿಡದಿ, ತೋರಸು," ಎಂದೆ.

ಅವನು ನಾಚಿಕೊಂಡ. ಆಮೇಲೆ ನಡುಮನೆಯ ಕುರ್ಚಿ ಸರಿಸಿ, ಬಾಗಿಲ ಚೌಕಟ್ಟಿನಲ್ಲಿ ಮೊಣಕಾಲು ಬಗ್ಗಿಸಿ ನಿಂತ. ನನ್ನ ಗಂಡ ಒಲ್ಲದ ಮನಸ್ಸಿನಿಂದ ಕಾಲ್ಚೀಲದ ಉಂಡೆಯೊಂದನ್ನು ಎಸೆದರು. ಮಗ ಎಡಕ್ಕೆ ಹಾರಿ ಹಿಡಿದು ದೊಪ್ಪೆಂದು ಬಿದ್ದ. ಗೋಡೆಯ ಕ್ಯಾಲೆಂಡರ್ ಕಳಚಿ ಅವನ ಮೇಲೆ ಬಿತ್ತು.

ಚಪ್ಪಾಳೆ ತಟ್ಟಿದೆ. ನನಗೆ ಸಾಲಲಿಲ್ಲ. ಇನ್ನೊಮ್ಮೆ ತೋರಿಸೆಂದೆ.